ಡಿಸ್ಕಿನ ಮೂಲೆಯ ಮೂಲಪ್ರತಿ

ಕಳೆದ ಮಳೆಗಾಲದ ಒಂದು ರಾತ್ರಿ ನನ್ನ ಲ್ಯಾಪ್‌ಟಾಪ್ ಏಳಲಿಲ್ಲ. ಅದರ ಬ್ಯಾಟರಿ ಕೈಕೊಟ್ಟು ವರ್ಷವಾಗಿತ್ತು. ಅಪ್‌ಡೇಟ್ ನಡೆಯುತ್ತಿದ್ದಾಗಲೇ ಕರೆಂಟು ಹೋಯಿತು. ತಪ್ಪು ನನ್ನದೇ. ಒಳಗೆ ಪ್ರಬಂಧದ ಮೂರು ಅಧ್ಯಾಯಗಳ ಕರಡು, ಪತ್ರಾಗಾರದಲ್ಲಿ ತೆಗೆದ ಸಾವಿರಾರು ಫೋಟೋಗಳಿದ್ದವು. ಬೇರೆ ಕಡೆ ಪ್ರತಿ ಇಟ್ಟು ನಾಲ್ಕು ತಿಂಗಳಾಗಿತ್ತು.

ಪಕ್ಕದ ಕೋಣೆಯ ಗೆಳತಿ ಬಂದು ನೋಡಿದಳು. "ಎಫ್11 ಒತ್ತು ಕಣೇ, ಫ್ಯಾಕ್ಟರಿಯಿಂದ ಬಂದ ಹಾಗೇ ಆಗತ್ತೆ" ಅಂದಳು. ಸಮಾಧಾನಕ್ಕೆ ಹೇಳಿದ ಆ ಮಾತೇ ನನ್ನನ್ನು ಹೆದರಿಸಿತು. ಫ್ಯಾಕ್ಟರಿಯಿಂದ ಬಂದಾಗ ಅದರಲ್ಲಿ ನನ್ನದೊಂದು ಅಕ್ಷರವೂ ಇರಲಿಲ್ಲವಲ್ಲ! ಕೈ ಹಿಂದಕ್ಕೆ ತೆಗೆದೆ. ಒಂದು ಗುಂಡಿ ಒತ್ತಿದರೆ ಮೂರು ವರ್ಷ ಹಿಂದಕ್ಕೆ ಕೊಂಡೊಯ್ಯುವ ಈ ವ್ಯವಸ್ಥೆ ಎಲ್ಲಿ ಅಡಗಿರುತ್ತದೆ, ಯಾವಾಗ ಬಂತು ಎಂದು ಹುಡುಕುತ್ತ ಕೂತೆ.

ಕಥೆ 1983ಕ್ಕೆ ಹೋಗುತ್ತದೆ. ಆ ವರ್ಷ ಐಬಿಎಂ ತನ್ನ ಪಿಸಿ ಎಕ್ಸ್‌ಟಿ ಯಂತ್ರವನ್ನು 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಸಮೇತ ಮಾರಿತು. ಅದರ ಜೊತೆ ಬಂದ ಡಾಸ್ 2.0 ಒಂದೇ ಡಿಸ್ಕನ್ನು ನಾಲ್ಕು ಪಾಲುಗಳವರೆಗೆ ಹಂಚಲು ಅವಕಾಶ ಕೊಟ್ಟಿತು. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 64 ಬೈಟು ಈ ಹಂಚಿಕೆಯ ಪಟ್ಟಿಗೆ ಮೀಸಲು, ಒಂದೊಂದು ಪಾಲಿಗೆ 16 ಬೈಟು. ಅದರಲ್ಲಿ ಒಂದು ಬೈಟು ಆ ಪಾಲು ಯಾವ ಬಗೆಯದು ಎಂದು ಹೇಳುತ್ತದೆ. ನಮ್ಮ ಪಹಣಿಯಲ್ಲಿ ಒಂದೇ ಸರ್ವೆ ನಂಬರಿನೊಳಗೆ ಇಷ್ಟು ಗುಂಟೆ ಖರಾಬು ಎಂದು ಬರೆದಿರುತ್ತಾರಲ್ಲ, ಹಾಗೆ. ನೆಲ ಅಲ್ಲೇ ಇದೆ, ಆದರೆ ಉಳುವ ಲೆಕ್ಕಕ್ಕೆ ಸೇರದು. ಮರುಸ್ಥಾಪನೆಯ ಪಾಲು, ಅಂದರೆ ರಿಕವರಿ ಪಾರ್ಟಿಶನ್, ಅಡಗಿರುವುದೂ ಇಷ್ಟೇ ಸರಳವಾಗಿ. ಹಳೆಯ ಪದ್ಧತಿಯ ಡಿಸ್ಕುಗಳಲ್ಲಿ ಆ ಬೈಟಿನಲ್ಲಿ ಹೆಕ್ಸಾಡೆಸಿಮಲ್ ಲೆಕ್ಕದ 27 ಎಂದಿದ್ದರೆ ವಿಂಡೋಸ್ ಅದಕ್ಕೆ ಸಿ, ಡಿ ಎಂಬ ಅಕ್ಷರ ಕೊಡುವುದಿಲ್ಲ. ಅಕ್ಷರವಿಲ್ಲದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆದರೆ ಈ ಮೂಲೆಯಲ್ಲಿ ಇಡೀ ವ್ಯವಸ್ಥೆಯ ಪ್ರತಿ ಇಡುವ ಕಾಲ ಬರಲು ಡಿಸ್ಕು ದೊಡ್ಡದಾಗಬೇಕಿತ್ತು. ವಿಂಡೋಸ್ 95 ಫ್ಲಾಪಿಗಳಲ್ಲೂ ಬಂದಿತ್ತು, 13 ಫ್ಲಾಪಿ. ನಂತರ ಯಂತ್ರದ ಜೊತೆ ಸಿ.ಡಿ. ಬಂತು. 2000ದ ಹೊತ್ತಿಗೆ ಡಿಸ್ಕುಗಳು ಹತ್ತಿಪ್ಪತ್ತು ಗಿಗಾಬೈಟಿಗೆ ಬೆಳೆದಿದ್ದವು. ಒಂದೆರಡು ಗಿಗಾಬೈಟು ಮೂಲೆಗೆ ಎತ್ತಿಟ್ಟರೆ ಸಿ.ಡಿ.ಯ ಖರ್ಚೂ ಉಳಿಯಿತು, ಅದು ಕೈಯಿಂದ ಕೈಗೆ ಹೋಗುವುದೂ ತಪ್ಪಿತು. ತಯಾರಕರು ಒಬ್ಬೊಬ್ಬರು ಒಂದೊಂದು ಕೀಲಿ ಇಟ್ಟರು: ಎಚ್‌ಪಿಯಲ್ಲಿ ಎಫ್11, ಏಸುಸ್‌ನಲ್ಲಿ ಎಫ್9, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10.

2007ರ ವಿಸ್ತಾದೊಂದಿಗೆ ಮೈಕ್ರೋಸಾಫ್ಟ್ ತನ್ನದೇ ದುರಸ್ತಿ ಪರಿಸರವನ್ನು ತಂದಿತು. 2011ರಲ್ಲಿ ಆಪಲ್ ತನ್ನ ಲಯನ್ ಆವೃತ್ತಿಯನ್ನು ಮುಖ್ಯವಾಗಿ ಡೌನ್‌ಲೋಡ್ ಮೂಲಕವೇ ಮಾರಿತು. ಡಿವಿಡಿ ಇಲ್ಲದ ಮೇಲೆ ದುರಸ್ತಿ ಹೇಗೆ? ಸುಮಾರು 650 ಮೆಗಾಬೈಟಿನ ಪಾಲೊಂದನ್ನು ಡಿಸ್ಕಿನಲ್ಲೇ ಇಟ್ಟಿತು. 2015ರ ವಿಂಡೋಸ್ 10ಕ್ಕೆ ಇಡೀ ಪ್ರತಿಯ ಅಗತ್ಯವೂ ಉಳಿಯಲಿಲ್ಲ. ಯಂತ್ರದಲ್ಲಿರುವ ಕಡತಗಳಿಂದಲೇ ತನ್ನನ್ನು ಮತ್ತೆ ಕಟ್ಟಿಕೊಳ್ಳುವುದನ್ನು ಅದು ಕಲಿಯಿತು. 2020ರಿಂದ ಅಂತರಜಾಲದಿಂದ ಇಳಿಸಿಕೊಳ್ಳಲೂ ಬಂತು. ಗಿಗಾಬೈಟುಗಳಿದ್ದ ಮೂಲೆ ಕೆಲವು ನೂರು ಮೆಗಾಬೈಟಿಗೆ ಕುಗ್ಗಿತು. ಕುಗ್ಗಿದ್ದು ಕಷ್ಟವನ್ನೂ ತಂದಿತು. 2024ರ ಜನವರಿಯಲ್ಲಿ ಈ ಪಾಲಿನಲ್ಲಿದ್ದ ಭದ್ರತೆಯ ದೋಷ ಸರಿಪಡಿಸುವ ಅಪ್‌ಡೇಟ್ ಬಂದಾಗ, ಜಾಗ ಸಾಲದೆ ಹಲವು ಯಂತ್ರಗಳಲ್ಲಿ ಅದು ಸೇರಲೇ ಇಲ್ಲ. ಪಾಲನ್ನು 250 ಮೆಗಾಬೈಟು ಹಿಗ್ಗಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ ಹೇಳಬೇಕಾಯಿತು. ಹಿತ್ತಿಲ ಬಾಗಿಲಿಗೂ ಚಿಲಕ ಬೇಕು ತಾನೆ?

ಇದನ್ನೆಲ್ಲ ಓದಿದ ಮೇಲೆ ನನಗೊಂದು ಸಂಗತಿ ಹೊಳೆಯಿತು. ಆ ಮೂಲೆ ಅಳಿಸುವ ಯಂತ್ರ ಮಾತ್ರವಲ್ಲ, ತನ್ನದೇ ಕಾಲ ಮೇಲೆ ಏಳಬಲ್ಲ ಇನ್ನೊಂದು ಪುಟ್ಟ ವ್ಯವಸ್ಥೆ. ಲ್ಯಾಪ್‌ಟಾಪ್ ಮತ್ತೆ ಮತ್ತೆ ಏಳಲಾರದೆ ಸೋತಾಗ ನೀಲಿ ಪರದೆಯ ದುರಸ್ತಿ ಪಟ್ಟಿ ತಾನಾಗಿ ಬಂತು. 'ರೀಸೆಟ್' ಮುಟ್ಟಲಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಟೈಪ್ ಮಾಡಿದೆ. ಅದರ 'ಓಪನ್' ಕಿಟಕಿಯಲ್ಲಿ ಎಲ್ಲ ಕಡತಗಳನ್ನು ತೋರಿಸು ಎಂದಾಗ ನನ್ನ ಫೋಲ್ಡರುಗಳು ಕಂಡವು. ಡ್ರೈವಿನ ಅಕ್ಷರ ಬದಲಾಗಿತ್ತು, ಅಷ್ಟೆ. ಒಂದೊಂದನ್ನೇ ಪೆನ್‌ಡ್ರೈವಿಗೆ ಕಾಪಿ ಮಾಡುವಷ್ಟರಲ್ಲಿ ಬೆಳಗಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದಿದ್ದರೆ ಅದರ ರಿಕವರಿ ಕೀ ಕೈಯಲ್ಲಿರಬೇಕಿತ್ತು.

ಆಮೇಲೆ ಎಲ್ಲವನ್ನೂ ಅಳಿಸಿ ಯಂತ್ರವನ್ನು ಹೊಸದು ಮಾಡಿದೆ. ಅದು ಎದ್ದು, ತುಂಬ ದಿನದ ಮೇಲೆ ಚುರುಕಾಗಿ ನಡೆಯಿತು. ಮೊದಲ ವರ್ಷದ ಟಿಪ್ಪಣಿ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಅವನ್ನು ಯೂನಿಕೋಡ್‌ಗಿಂತ ಹಿಂದಿನ ಕನ್ನಡ ಫಾಂಟಿನಲ್ಲಿ ಬರೆದಿದ್ದೆ. ಕಾರ್ಖಾನೆಯ ಮೂಲಪ್ರತಿಗೆ ಆ ಫಾಂಟಿನ ಪರಿಚಯವಿಲ್ಲ. ಫಾಂಟು ಹುಡುಕಿ ಮತ್ತೆ ಹಾಕಿದ ಮೇಲೆ ಅಕ್ಷರಗಳು ಕನ್ನಡವಾದವು.

ಈಗ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಹೆಸರಿನ ಅಕ್ಷರವಿಲ್ಲದ ಆ ಪುಟ್ಟ ಪಾಲನ್ನು ನೋಡುತ್ತೇನೆ. ಅದರ ಮೇಲೆ ಗೌರವವಿದೆ, ಪೂರ್ತಿ ಭರವಸೆಯಿಲ್ಲ. ಅದಿರುವುದೂ ಅದೇ ಡಿಸ್ಕಿನಲ್ಲಿ, ಡಿಸ್ಕು ಸತ್ತರೆ ಅದೂ ಜೊತೆಗೇ ಹೋಗುತ್ತದೆ. ತಾಳೆಗರಿಗಳ ಕಾಲದಲ್ಲಿ ಕೃತಿ ಉಳಿದದ್ದು ಯಾರೋ ಇನ್ನೊಂದು ಊರಿನಲ್ಲಿ ಕೂತು ಪ್ರತಿ ಮಾಡಿಕೊಂಡಿದ್ದರಿಂದ. ಭಾನುವಾರ ಸಂಜೆ ನಾನೂ ಪ್ರತಿ ಮಾಡುತ್ತೇನೆ. ಒಂದು ಹಾರ್ಡ್ ಡಿಸ್ಕು ಪಕ್ಕದ ಕೋಣೆಯ ಗೆಳತಿಯ ಬೀರುವಿನಲ್ಲಿದೆ, ಅವಳದ್ದು ನನ್ನ ಬೀರುವಿನಲ್ಲಿ.