ಗುರು ಎಲ್ಲಿದ್ದಾರೆ?

ಮುತ್ತಿನಕೊಪ್ಪದಂಥ ಊರಿನ ಮಗು ಗಿಟಾರ್ ಕಲಿಯುತ್ತೇನೆ ಎಂದರೆ ನಾವು ದೂರದ ಪಟ್ಟಣದ ದೊಡ್ಡ ಹೆಸರುಗಳನ್ನು ಹುಡುಕುತ್ತೇವೆ. ಚರಿತ್ರೆ ಬೇರೆಯೇ ಪಾಠ ಹೇಳುತ್ತದೆ.

ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಗೆ ಮರುಳಾದ ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟರು. ಗ್ವಾಲಿಯರ್, ರಾಂಪುರ ಸುತ್ತಿ ಜಲಂಧರಕ್ಕೆ ಬಂದಾಗ, ಊರಿನ ಸಮೀಪದಲ್ಲೇ ಇರುವ ಸವಾಯಿ ಗಂಧರ್ವರ ಬಳಿಗೆ ಹೋಗುವಂತೆ ವಿನಾಯಕರಾವ್ ಪಟವರ್ಧನರು ಸೂಚಿಸಿದರು. ಕುಂದಗೋಳದ ಸವಾಯಿ ಗಂಧರ್ವರು ಖಾನರದೇ ಶಿಷ್ಯರು! ಅವರ ಮನೆಯಲ್ಲಿ ಜೋಶಿ ನೀರು ಹೊತ್ತರು. ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದಿಕೊಂಡರು.

ಹೊಸಬರಿಗೆ ಬೇಕಾದುದು ಹೆಸರಲ್ಲ, ಎದುರು ಕೂತು ಬೆರಳನ್ನೂ ಶ್ರುತಿಯನ್ನೂ ತಿದ್ದುವ ತಾಳ್ಮೆ. ಖಾನರಿಂದ ಗಂಧರ್ವರಿಗೆ, ಅವರಿಂದ ಜೋಶಿಯವರಿಗೆ ಹರಿದ ಆ ವಿದ್ಯೆ ಯಾರ ಧರ್ಮವನ್ನೂ ವಿಚಾರಿಸಲಿಲ್ಲ. ಮಕ್ಕಳಿಗೆ ಗುರುವನ್ನು ಹುಡುಕುವಾಗ ನಾವೂ ವಿಚಾರಿಸದಿರೋಣ.