ಜಾನಪದ ಗಾಯಕರಿಗೆ ಸಂದ ಮನ್ನಣೆ

ನಮ್ಮ ನಾಡಿನಲ್ಲಿ ಹಾಡುಗಾರರಿಗೆ ಸಲ್ಲುತ್ತಿದ್ದ ಮನ್ನಣೆಯು ಬಹುಕಾಲ ಎರಡು ತೆರನಾಗಿತ್ತು. ಆಸ್ಥಾನದ ವಿದ್ವಾಂಸರಿಗೆ ಶಾಲು, ಬಿರುದು, ಉಂಬಳಿಗಳು ದೊರೆಯುತ್ತಿದ್ದವು. ಮನೆಬಾಗಿಲಲ್ಲಿ ನಿಂತು ಹಾಡಿದವರಿಗೆ ಮೊರದ ಧಾನ್ಯವೇ ಸಂಭಾವನೆಯಾಗಿತ್ತು. ಈ ಭೇದವನ್ನು ಅಳಿಸುವ ಕಾರ್ಯಕ್ಕೆ 1980ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ಮತ್ತು ಯಕ್ಷಗಾನ ಅಕಾಡೆಮಿಯು ಸಾಂಸ್ಥಿಕ ರೂಪವನ್ನಿತ್ತಿತು. ಮುಂದೆ ಯಕ್ಷಗಾನವು ಬೇರ್ಪಟ್ಟು ಜಾನಪದಕ್ಕೇ ಒಂದು ಅಕಾಡೆಮಿಯಾಯಿತು. ಕಲಾವಿದರನ್ನು ವರ್ಷವರ್ಷವೂ ಆರಿಸಿ ಗೌರವಿಸುವ ಪದ್ಧತಿ ನೆಲೆಗೊಂಡಿತು.

ಇದರ ಫಲವೇನೆಂಬುದಕ್ಕೆ ಮಂಜಮ್ಮ ಜೋಗತಿಯವರ ಬಾಳೇ ಸಾಕ್ಷಿ. ಭಿಕ್ಷೆಯಿಂದ ಜೀವಿಸುತ್ತ, ಕಾಳವ್ವ ಜೋಗತಿಯವರಲ್ಲಿ ಹಾಡು ಕುಣಿತಗಳನ್ನು ಕಲಿತ ಅವರಿಗೆ 2006ರಲ್ಲಿ ಅಕಾಡೆಮಿಯ ಪ್ರಶಸ್ತಿ ಸಂದಿತು. 2019ರಲ್ಲಿ ಅವರೇ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಪಡೆದ ಕೈಯೇ ಕೊಡುವ ಕೈಯಾಯಿತು. ಸಮಾಜವು ದೂರವಿರಿಸಿದವರನ್ನು ಹತ್ತಿರ ತರುವ ಶಕ್ತಿ ಮನ್ನಣೆಗಿದೆಯೆಂಬುದು ಇದರಿಂದ ಸಿದ್ಧ.

ಆದರೆ ಪ್ರಶಸ್ತಿಯೊಂದರಿಂದಲೇ ಹಾಡು ಉಳಿಯದು. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಸಮುದಾಯದ ಪದಗಳನ್ನು ತಾಯಿಯಿಂದ ಕೇಳಿ ಕಲಿತವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 2025ರ ಫೆಬ್ರವರಿಯಲ್ಲಿ ಅವರು ಕಾಲವಶರಾದರು. ಗೌರವವು ಬಹುಮಟ್ಟಿಗೆ ಇಳಿವಯಸ್ಸಿನಲ್ಲಿಯೇ ಬರುತ್ತದೆ. ಫಲಕವು ಗೋಡೆಯ ಮೇಲೆ ಉಳಿಯುತ್ತದೆ. ಬಾಯಿಂದ ಬಾಯಿಗೆ ಬಂದ ಹಾಡಾದರೋ ಕಲಿತವರ ಕಂಠದಲ್ಲಿ ಮಾತ್ರ ಬದುಕುತ್ತದೆ.

ಆದ್ದರಿಂದ ಗೌರವ ಪಡೆದ ಪ್ರತಿಯೊಬ್ಬ ಗಾಯಕರ ಬಳಿಯಲ್ಲಿ ಒಂದಿಬ್ಬರು ಕಿರಿಯರು ಕುಳಿತು ಕಲಿಯುವಂತೆ ವೇತನವನ್ನೂ ಪ್ರಶಸ್ತಿಯೊಡನೆ ಏರ್ಪಡಿಸುವುದು ಯುಕ್ತ. ಹಾಡಿದವರನ್ನು ಗೌರವಿಸಿದಂತೆ ಹಾಡನ್ನೂ ಗೌರವಿಸುವ ದಾರಿ ಅದೇ.