ಹದಿನಾರು ಮಿಲಿಮೀಟರಿನ ಪಾಠ: ತರಗತಿಗೂ ವ್ಯಾಪಾರಕ್ಕೂ ದುಡಿದ ಪ್ರೊಜೆಕ್ಟರಿನ ಇತಿಹಾಸ

ಚಲನಚಿತ್ರದ ಇತಿಹಾಸವನ್ನು ಚಿತ್ರಮಂದಿರಗಳ, ತಾರೆಯರ, ನಿರ್ದೇಶಕರ ಇತಿಹಾಸವಾಗಿ ಬರೆಯುವುದು ರೂಢಿಯಾಗಿದ್ದರೂ, ಇಪ್ಪತ್ತನೆಯ ಶತಮಾನದ ನಡುವಿನ ಐದಾರು ದಶಕಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಟಿಕೀಟು ಕೊಳ್ಳದೆಯೇ ಚಿತ್ರ ನೋಡುತ್ತಿದ್ದ ಬಹುದೊಡ್ಡ ಪ್ರೇಕ್ಷಕವರ್ಗವೊಂದು ಶಾಲಾ ಕೊಠಡಿಗಳಲ್ಲಿ, ಕಾರ್ಖಾನೆಗಳಲ್ಲಿ, ಮಾರಾಟಗಾರರ ತರಬೇತಿ ಸಭೆಗಳಲ್ಲಿ ಕುಳಿತಿತ್ತು. ಆ ಪ್ರೇಕ್ಷಕರಿಗೆ ಚಿತ್ರ ತೋರಿಸಿದ್ದು, ಪೆಟ್ಟಿಗೆಯಂತೆ ಮುಚ್ಚಿ ಕೈಯಲ್ಲಿ ಹಿಡಿದು ಒಯ್ಯಬಹುದಾಗಿದ್ದ 16 ಮಿಲಿಮೀಟರ್ ಪ್ರೊಜೆಕ್ಟರ್. ಈ ಯಂತ್ರವನ್ನು ತರಗತಿಗೆ ತಂದದ್ದು ಶಿಕ್ಷಣಶಾಸ್ತ್ರ ಎಂದು ಅದರ ಪ್ರಚಾರಕರು ಹೇಳಿಕೊಂಡರೂ, ಬಾಗಿಲು ತೆರೆದದ್ದು ರಸಾಯನಶಾಸ್ತ್ರ. ಒಳಗೆ ಬಂದ ಮೇಲೆ ಅದರ ಹಣೆಬರಹವನ್ನು ನಿರ್ಧರಿಸಿದ್ದು ಯುದ್ಧದ ಹಣ, ಕಂಪನಿಗಳ ಹಣ ಮತ್ತು ಅದನ್ನು ಓಡಿಸಬೇಕಾಗಿದ್ದ ಶಿಕ್ಷಕರ ತಾಳ್ಮೆ.

ಆರಂಭಕಾಲದ ಚಿತ್ರಗಳನ್ನೆಲ್ಲ ಮುದ್ರಿಸುತ್ತಿದ್ದುದು ನೈಟ್ರೇಟ್ ಫಿಲ್ಮಿನ ಮೇಲೆ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ತಯಾರಿಸುತ್ತಿದ್ದ ಈ ಪದಾರ್ಥ ಸಿಡಿಮದ್ದಿನ ದಾಯಾದಿ. ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. 1926ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಡ್ರಾಮ್‌ಕಾಲಹರ್ ಎಂಬ ಹಳ್ಳಿಯಲ್ಲಿ ಅಟ್ಟದ ಮೇಲೆ ಚಿತ್ರ ಪ್ರದರ್ಶನ ನಡೆಯುತ್ತಿದ್ದಾಗ, ಮೇಜಿನ ಮೇಲಿದ್ದ ಫಿಲ್ಮಿಗೆ ಮೇಣದಬತ್ತಿಯ ಕಿಡಿ ತಗುಲಿ 48 ಮಂದಿ ಸತ್ತರು. ಇಂಥ ಭಯದಿಂದಲೇ ನಗರಾಡಳಿತಗಳು ನೈಟ್ರೇಟ್ ಓಡಿಸುವ ಯಂತ್ರಕ್ಕೆ ಬೆಂಕಿ ತಡೆಯುವ ಪ್ರತ್ಯೇಕ ಕೋಣೆಯನ್ನೂ ಪರವಾನಗಿ ಪಡೆದ ಚಾಲಕನನ್ನೂ ಕಡ್ಡಾಯ ಮಾಡತೊಡಗಿದ್ದವು. ಮಕ್ಕಳ ನಡುವೆ ಒಂದು ಮೇಜಿನ ಮೇಲೆ ಯಂತ್ರವನ್ನಿಟ್ಟು ಪಾಠ ಮಾಡುವ ಕನಸಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಇರಲಿಲ್ಲ.

ಕನಸೇನೋ ಹಳೆಯದು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಸಾರ್ವಜನಿಕ ಶಾಲೆಗಳು 1910ರಲ್ಲೇ ಚಲನಚಿತ್ರವನ್ನು ಪಾಠದ ನಿಯತ ಭಾಗವಾಗಿ ಸ್ವೀಕರಿಸಿದ್ದವು. ಅದೇ ವರ್ಷ ಜಾರ್ಜ್ ಕ್ಲೈನ್ ಎಂಬ ವಿತರಕ ಶೈಕ್ಷಣಿಕ ಚಿತ್ರಗಳ ದಪ್ಪನೆಯ ಪಟ್ಟಿಯೊಂದನ್ನು ಪ್ರಕಟಿಸಿದ್ದ. 1913ರಲ್ಲಿ ಥಾಮಸ್ ಆಲ್ವ ಎಡಿಸನ್, ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪಿ, ಹತ್ತು ವರ್ಷಗಳಲ್ಲಿ ಶಿಕ್ಷಣ ವ್ಯವಸ್ಥೆಯೇ ಬದಲಾಗಿಹೋಗುತ್ತದೆ ಎಂದು ಪತ್ರಿಕೆಯೊಂದಕ್ಕೆ ಹೇಳಿದ್ದ. ಶೈಕ್ಷಣಿಕ ಚಿತ್ರಗಳನ್ನೂ ಮನೆಬಳಕೆಯ ಪ್ರೊಜೆಕ್ಟರನ್ನೂ ಸ್ವತಃ ಮಾರುತ್ತಿದ್ದವನ ಬಾಯಿಂದ ಬಂದ ಭವಿಷ್ಯವಾಣಿ ಇದೆಂಬುದನ್ನು ಮರೆಯುವಂತಿಲ್ಲ. ಸರಿಸುಮಾರು ಅದೇ ಕಾಲಕ್ಕೆ ಷಿಕಾಗೋದ ಹರ್ಮನ್ ಡಿವ್ರೈ ಸೂಟ್‌ಕೇಸಿನ ಆಕಾರದ ಪ್ರೊಜೆಕ್ಟರನ್ನು ತಯಾರಿಸಿ, ಯಂತ್ರವನ್ನು ಕೋಣೆಯಿಂದ ಹೊರಗೆ ತಂದ. ಅಯೊವಾದ ಡೇವನ್‌ಪೋರ್ಟಿನಲ್ಲಿ 1910ರಲ್ಲಿ ವಿಕ್ಟರ್ ಆನಿಮಟೊಗ್ರಾಫ್ ಕಂಪನಿಯನ್ನು ಕಟ್ಟಿದ ಅಲೆಕ್ಸಾಂಡರ್ ವಿಕ್ಟರ್‌ನದು ಇನ್ನೂ ವಿಚಿತ್ರ ವೃತ್ತಾಂತ: ಸ್ವೀಡನ್ನಿನಲ್ಲಿ ಹುಟ್ಟಿ ರಂಗದ ಮೇಲೆ ಇಂದ್ರಜಾಲ ತೋರಿಸುತ್ತಿದ್ದ ಈತ, ತನ್ನ ಪರಿಕರಗಳೆಲ್ಲ ಬೆಂಕಿಗೆ ಆಹುತಿಯಾದ ಮೇಲೆ ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ದುಡಿದು, ಬಳಿಕ ಪ್ರೊಜೆಕ್ಟರ್ ತಯಾರಿಕೆಗೆ ಇಳಿದ. ಚಿತ್ರಮಂದಿರದಾಚೆಗಿನ ಪ್ರದರ್ಶನಕ್ಕೆ ಬೆಂಕಿ ಹಿಡಿಯದ ಫಿಲ್ಮೇ ಬೇಕು, ಅದಕ್ಕೆ ಬೇರೆಯದೇ ಅಳತೆ ಬೇಕು ಎಂದು ಆತ ವೃತ್ತಿಸಂಘಗಳಲ್ಲಿ ವಾದಿಸುತ್ತಲೇ ಇದ್ದ.

ಆ ವಾದ ಕೈಗೂಡಿದ್ದು 1923ರಲ್ಲಿ, ರಾಚೆಸ್ಟರಿನದೇ ಆದ ಈಸ್ಟ್‌ಮನ್ ಕೊಡ್ಯಾಕ್ ಕಂಪನಿ 16 ಮಿಲಿಮೀಟರ್ ಅಗಲದ ಅಸಿಟೇಟ್ ಫಿಲ್ಮನ್ನು ಮಾರುಕಟ್ಟೆಗೆ ಬಿಟ್ಟಾಗ. ಅಸಿಟೇಟ್ ಕಾಗದದಂತೆ ಮೆಲ್ಲಗೆ ಉರಿಯುತ್ತದೆಯೇ ಹೊರತು ಭುಗಿಲೇಳುವುದಿಲ್ಲವಾದ್ದರಿಂದ ಅದನ್ನು ಸುರಕ್ಷಿತ ಫಿಲ್ಮು ಎಂದು ಕರೆದರು. 16 ಎಂಬ ಅಂಕಿಯ ಹಿಂದೆಯೂ ಒಂದು ಲೆಕ್ಕಾಚಾರವಿತ್ತು: ಚಿತ್ರಕ್ಕೆ 10 ಮಿಲಿಮೀಟರ್, ಫಿಲ್ಮನ್ನು ಎಳೆಯಲು ಬೇಕಾದ ರಂಧ್ರಗಳಿಗೆ ಎರಡೂ ಅಂಚಿನಲ್ಲಿ ಮೂರು ಮೂರು. ಜೊತೆಗೆ, ಚಿತ್ರಮಂದಿರದ 35 ಮಿಲಿಮೀಟರ್ ಫಿಲ್ಮನ್ನು ಉದ್ದಕ್ಕೆ ಸೀಳಿದರೆ ಬರುವುದು 17.5 ಮಿಲಿಮೀಟರ್ ಆದ್ದರಿಂದ, ಅಗ್ಗದ ಆಸೆಗೆ ಯಾರೂ ನೈಟ್ರೇಟನ್ನು ಸೀಳಿ ಮನೆಯ ಯಂತ್ರಕ್ಕೆ ಹಾಕುವಂತಿರಲಿಲ್ಲ. ಕ್ಯಾಮೆರಾ, ಪ್ರೊಜೆಕ್ಟರ್, ಪರದೆ, ಮುಕ್ಕಾಲಿ, ಫಿಲ್ಮು ಅಂಟಿಸುವ ಸಾಧನ ಎಲ್ಲ ಸೇರಿ 335 ಡಾಲರ್. ಫೋರ್ಡ್ ಕಾರಿನ ಅತ್ಯಂತ ಅಗ್ಗದ ಮಾದರಿಯ ಬೆಲೆಯೂ ಅದರ ಆಸುಪಾಸಿನಲ್ಲೇ ಇದ್ದ ಕಾಲ ಅದು. ಮೊದಲ ಗ್ರಾಹಕರು ಮನೆಯವರ ಚಿತ್ರ ತೆಗೆದುಕೊಳ್ಳುವ ಸಿರಿವಂತರೇ ಆಗಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಶಾಲೆ ಎರಡನೆಯ ಗ್ರಾಹಕ.

ಈ ಯಂತ್ರದ ಒಳಗಿನ ಕೆಲಸವನ್ನು ಒಂದಿಷ್ಟು ಹತ್ತಿರದಿಂದ ನೋಡದೆ ತರಗತಿಯಲ್ಲಿ ಅದು ಪಟ್ಟ ಪಾಡು ಅರ್ಥವಾಗುವುದಿಲ್ಲ. ಮೇಲಿನ ರೀಲಿನಿಂದ ಬಿಚ್ಚಿಕೊಳ್ಳುವ ಫಿಲ್ಮು ಮೊದಲು ಸ್ಪ್ರಾಕೆಟ್ ಎಂಬ ಹಲ್ಲಿನ ಚಕ್ರವನ್ನು ದಾಟಿ, ಬಳಿಕ ಗೇಟ್ ಎಂಬ ಕಿರಿದಾದ ಕಿಂಡಿಗೆ ಬರುತ್ತದೆ. ಅಲ್ಲಿ ಒಂದು ಪುಟ್ಟ ಕೊಕ್ಕೆ ರಂಧ್ರಕ್ಕೆ ಸಿಕ್ಕಿಕೊಂಡು ಒಂದು ಚೌಕಟ್ಟಿನಷ್ಟು ಫಿಲ್ಮನ್ನು ಕೆಳಗೆಳೆದು, ಬಿಟ್ಟು, ಮತ್ತೆ ಮೇಲೇರಿ ಇನ್ನೊಂದನ್ನು ಹಿಡಿಯುತ್ತದೆ. ಇದು ಸೆಕೆಂಡಿಗೆ 24 ಬಾರಿ ನಡೆಯಬೇಕು, ಎಳೆಯುವ ಕ್ಷಣದಲ್ಲಿ ಷಟರ್ ಎಂಬ ತಿರುಗುವ ರೆಕ್ಕೆ ಬೆಳಕಿಗೆ ಅಡ್ಡ ಬರಬೇಕು. ಸ್ಪ್ರಾಕೆಟ್ ಎಡೆಬಿಡದೆ ತಿರುಗುತ್ತದೆ, ಕೊಕ್ಕೆ ನಿಂತು ನಿಂತು ಎಳೆಯುತ್ತದೆ. ಇವೆರಡರ ಜಗಳದಲ್ಲಿ ಫಿಲ್ಮು ಹರಿಯದಿರಲೆಂದು ಗೇಟಿನ ಮೇಲೊಂದು ಕೆಳಗೊಂದು ಸಡಿಲವಾದ ಬಳುಕನ್ನು ಬಿಡುತ್ತಾರೆ, ಅದೇ ಲೂಪ್. ಕೆಳಗಿನ ಲೂಪ್ ಕುಗ್ಗಿಹೋದರೆ ಪರದೆಯ ಮೇಲಿನ ಚಿತ್ರ ಗಡಗಡ ನಡುಗುತ್ತದೆ. ಅದರ ಅಳತೆ ಕೊಂಚ ತಪ್ಪಿದರೂ, ಧ್ವನಿಯನ್ನು ಅದರ ಚಿತ್ರಕ್ಕಿಂತ 26 ಚೌಕಟ್ಟು ಮುಂದೆ ಮುದ್ರಿಸಿರುವುದರಿಂದ, ತುಟಿ ಒಂದು ಕಡೆ ಮಾತು ಇನ್ನೊಂದು ಕಡೆ ಆಗುತ್ತದೆ. ಫಿಲ್ಮು ಗೇಟಿನಲ್ಲಿ ಸಿಕ್ಕಿಕೊಂಡು ನಿಂತಿತೆಂದರೆ 750 ಅಥವಾ 1000 ವ್ಯಾಟಿನ ದೀಪದ ಕಾವಿಗೆ ಪರದೆಯ ನಡುವೆ ಕಂದು ಕಲೆಯೊಂದು ಮೂಡಿ, ಗುಳ್ಳೆಯೆದ್ದು, ನೋಡನೋಡುತ್ತಿದ್ದಂತೆ ಬೆಳ್ಳಗಿನ ತೂತಾಗುತ್ತದೆ. ಪಾಠ ಏನೇ ಇರಲಿ, ಮಕ್ಕಳು ಹೆಚ್ಚು ಗಮನವಿಟ್ಟು ನೋಡಿದ ದೃಶ್ಯ ಇದೇ ಇದ್ದಿರಬೇಕು.

ಮೂಕಚಿತ್ರದ ದಿನಗಳಲ್ಲಿ ಪ್ರೊಜೆಕ್ಟರ್ ಓಡುತ್ತಿರುವಾಗ ಮಾತನಾಡುತ್ತಿದ್ದುದು ಶಿಕ್ಷಕರೇ. 1930ರ ದಶಕದ ಆರಂಭದಲ್ಲಿ, ಒಂದು ಅಂಚಿನ ರಂಧ್ರಗಳನ್ನು ತೆಗೆದು ಅಲ್ಲಿ ಧ್ವನಿಪಟ್ಟಿಯನ್ನು ಮುದ್ರಿಸಿದ 16 ಮಿಲಿಮೀಟರ್ ವಾಕ್ಚಿತ್ರ ಬಂದಾಗ, ಅನೇಕ ಶಿಕ್ಷಕರು ಅದನ್ನು ಒಪ್ಪಲಿಲ್ಲ. ಹಣದ ಮುಗ್ಗಟ್ಟು ಒಂದು ಕಾರಣವಾದರೆ, ಪರದೆಯ ಹಿಂದಿನಿಂದ ಬರುವ ಅಪರಿಚಿತ ಕಂಠ ತಮ್ಮ ಜಾಗವನ್ನು ಆಕ್ರಮಿಸುತ್ತದೆ ಎಂಬ ಅಳುಕು ಇನ್ನೊಂದು. ಆ ಅಳುಕನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂಕಚಿತ್ರವನ್ನು ತನ್ನ ತರಗತಿಗೆ ತಕ್ಕಂತೆ ವಿವರಿಸುವ ಸ್ವಾತಂತ್ರ್ಯ ವಾಕ್ಚಿತ್ರದೊಂದಿಗೆ ಹೋಯಿತೆಂಬುದು ನಿಜವೇ. ಅದಕ್ಕೆ ಮುಂಚೆಯೇ ಕೊಡ್ಯಾಕ್ ಕಂಪನಿ ತನ್ನ ಬೋಧನಾ ಚಿತ್ರಗಳ ಫಲವನ್ನು ಅಳೆಯಲು ದುಡ್ಡು ಹಾಕಿ, ಬೆನ್ ವುಡ್ ಮತ್ತು ಫ್ರ್ಯಾಂಕ್ ಫ್ರೀಮನ್ ಎಂಬ ವಿದ್ವಾಂಸರಿಂದ 12 ನಗರಗಳ ಸಾವಿರಾರು ಮಕ್ಕಳ ಮೇಲೆ ಅಧ್ಯಯನ ಮಾಡಿಸಿತ್ತು. 1929ರಲ್ಲಿ ಪ್ರಕಟವಾದ ಫಲಿತಾಂಶ ಚಿತ್ರಗಳ ಪರವಾಗಿಯೇ ಇತ್ತು.

ಪ್ರೊಜೆಕ್ಟರುಗಳ ಸಂಖ್ಯೆಯನ್ನು ನಿಜವಾಗಿ ಹೆಚ್ಚಿಸಿದ್ದು ಎರಡನೆಯ ಮಹಾಯುದ್ಧ. ಲಕ್ಷಾಂತರ ಯುವಕರಿಗೆ ಬಂದೂಕು, ವಿಮಾನ, ಲೇತುಗಳ ಕೆಲಸವನ್ನು ಬೇಗ ಕಲಿಸಬೇಕಾಗಿ ಬಂದಾಗ ಅಮೆರಿಕದ ಸರ್ಕಾರ ಸುಮಾರು 55,000 ಪ್ರೊಜೆಕ್ಟರುಗಳನ್ನು ಕೊಂಡಿತು. ಅಲ್ಲಿನ ಶಿಕ್ಷಣ ಕಚೇರಿಯೊಂದೇ 1941ರಿಂದ 1945ರ ನಡುವೆ 457 ವಾಕ್ಚಿತ್ರಗಳನ್ನು ಮಾಡಿಸಿತು. ಯುದ್ಧ ಮುಗಿದ ಮೇಲೆ ಮಿಕ್ಕ ಯಂತ್ರಗಳೂ, ಅವನ್ನು ಓಡಿಸಿ ಅಭ್ಯಾಸವಾಗಿದ್ದ ಜನರೂ ಊರಿಗೆ ಮರಳಿದರು. ಅಷ್ಟರಲ್ಲಿ, 1943ರಲ್ಲಿ, ವೆಸ್ಟರ್ನ್ ಎಲೆಕ್ಟ್ರಿಕ್ ಬಳಗದ ತರಗತಿ ಚಿತ್ರಗಳನ್ನೂ ಕೊಡ್ಯಾಕಿನ ಬೋಧನಾ ಚಿತ್ರಗಳನ್ನೂ ಒಗ್ಗೂಡಿಸಿಕೊಂಡು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಫಿಲ್ಮ್ಸ್ ಹುಟ್ಟಿತ್ತು. ಅದರ ಪ್ರತಿಸ್ಪರ್ಧಿಯಾದ ಕೊರೊನೆಟ್, ಭೂಗೋಳ ವಿಜ್ಞಾನಗಳ ಜೊತೆಗೆ ಊಟದ ಮೇಜಿನ ಸಭ್ಯತೆಯನ್ನೂ ಹುಡುಗ ಹುಡುಗಿಯರ ನಡವಳಿಕೆಯನ್ನೂ ಹತ್ತು ನಿಮಿಷಗಳಲ್ಲಿ ಬೋಧಿಸುವ ಚಿತ್ರಗಳನ್ನು ಹೊರತಂದಿತು. ಹತ್ತು ನಿಮಿಷವೇ ಏಕೆಂದರೆ, 400 ಅಡಿಯ ರೀಲು ಓಡುವುದು ಹೆಚ್ಚೆಂದರೆ ಹನ್ನೊಂದು ನಿಮಿಷ. ಪಾಠದ ಉದ್ದವನ್ನು ಗೊತ್ತುಮಾಡಿದ್ದು ವಿಷಯವಲ್ಲ, ರೀಲು.

ವ್ಯಾಪಾರ ಜಗತ್ತು ಈ ಯಂತ್ರದ ಬೆಲೆಯನ್ನು ಶಾಲೆಗಳಿಗಿಂತ ಚುರುಕಾಗಿ ಅರಿತಿತ್ತು. ಡೆಟ್ರಾಯಿಟಿನ ಜ್ಯಾಮ್ ಹ್ಯಾಂಡಿ ಸಂಸ್ಥೆ ಷೆವ್ರೊಲೆಟ್ ಕಾರು ಮಾರುವವರಿಗಾಗಿ, ಕೊಳ್ಳುವವರಿಗಾಗಿ, ದುರಸ್ತಿ ಮಾಡುವವರಿಗಾಗಿ ಸಾಲು ಸಾಲಾಗಿ ಚಿತ್ರಗಳನ್ನು ಮಾಡಿತು. ಅದರ ಸ್ಥಾಪಕ 1904ರ ಒಲಿಂಪಿಕ್ಸಿನಲ್ಲಿ ಈಜಿ ಕಂಚು ಗೆದ್ದವನು. ಕಂಪನಿಗಳು ಹಣ ಕೊಟ್ಟು ಮಾಡಿಸಿದ ಇಂಥ ಪ್ರಾಯೋಜಿತ ಚಿತ್ರಗಳನ್ನು ಮಾಡರ್ನ್ ಟಾಕಿಂಗ್ ಪಿಕ್ಚರ್ ಸರ್ವಿಸ್‌ನಂಥ ವಿತರಕರು ಶಾಲೆಗಳಿಗೂ ಸಂಘಗಳಿಗೂ ಪುಕ್ಕಟೆಯಾಗಿ ಎರವಲು ಕೊಡುತ್ತಿದ್ದರು. ಪುಸ್ತಕಕ್ಕೇ ಕಾಸಿಲ್ಲದ ಶಾಲೆಗೆ ಪುಕ್ಕಟೆ ಚಿತ್ರ ಬೇಡವೆನ್ನಲು ಎದೆಗಾರಿಕೆ ಬೇಕು. ಹೀಗೆ ಪಾಠಕ್ಕೂ ಜಾಹೀರಾತಿಗೂ ನಡುವಿನ ಗೆರೆ ಅದೇ ಗೇಟಿನಲ್ಲಿ, ಅದೇ ದೀಪದ ಬೆಳಕಿನಲ್ಲಿ ಮಸುಕಾಯಿತು. ಎಲ್ಲ ಪ್ರಾಯೋಜಿತ ಚಿತ್ರಗಳೂ ಕೀಳಾಗಿದ್ದವೆಂದಲ್ಲ: ದೂರವಾಣಿ ಕಂಪನಿಯ ಹಣದಲ್ಲಿ ಫ್ರ್ಯಾಂಕ್ ಕಾಪ್ರಾ 1956ರಲ್ಲಿ ಮಾಡಿದ ‘ಅವರ್ ಮಿಸ್ಟರ್ ಸನ್’, ಐಬಿಎಂ ನೆರವಿನಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರಲ್ಲಿ ಮುಗಿಸಿದ ‘ಪವರ್ಸ್ ಆಫ್ ಟೆನ್’ ಚಿತ್ರಗಳು ವಿಜ್ಞಾನ ಬೋಧನೆಯ ಒಳ್ಳೆಯ ಮಾದರಿಗಳಾಗಿ ಉಳಿದಿವೆ.

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮರುವರ್ಷವೇ ಅಮೆರಿಕ ಜಾರಿಗೆ ತಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯಿಂದ ಶಾಲೆಗಳಿಗೆ ಯಂತ್ರ ಕೊಳ್ಳಲು ಮತ್ತೊಂದು ಸುತ್ತಿನ ಹಣ ಹರಿದುಬಂತು. ಇಷ್ಟೆಲ್ಲ ಆಗಿಯೂ, ಶಿಕ್ಷಣದ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರ ತನ್ನ ಪುಸ್ತಕದಲ್ಲಿ ತೋರಿಸಿರುವಂತೆ, ಬಹುಪಾಲು ಶಿಕ್ಷಕರು ಚಲನಚಿತ್ರವನ್ನು ಅಪರೂಪಕ್ಕೆ ಬಳಸಿದರು. ಬೇಕಾದ ಚಿತ್ರವನ್ನು ವಿಶ್ವವಿದ್ಯಾಲಯದ ಫಿಲ್ಮು ಭಂಡಾರಕ್ಕೆ ಬಹಳ ಮುಂಚೆಯೇ ಬರೆದು ಕಾದಿರಿಸಬೇಕು, ಅದು ಅಂಚೆಯಲ್ಲಿ ಬರುವ ಹೊತ್ತಿಗೆ ಆ ಪಾಠ ಮುಗಿದಿರಬಾರದು, ಹದಿನೈದು ಕಿಲೋ ಮೀರಿದ ಯಂತ್ರವನ್ನು ಕೊಠಡಿಗೆ ತರಿಸಬೇಕು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಬೇಕು, ಲೂಪ್ ಬಿಡಲು ಬಲ್ಲ ಹುಡುಗನೊಬ್ಬ ಸಿಗಬೇಕು. 1960ರ ದಶಕದಲ್ಲಿ ಫಿಲ್ಮನ್ನು ತಾನೇ ಒಳಗೆಳೆದುಕೊಳ್ಳುವ ಯಂತ್ರಗಳು ಬಂದು ಕೊನೆಯ ತೊಡಕನ್ನು ನೀಗಿದವು. ಮೊದಲಿನವು ಹಾಗೆಯೇ ಉಳಿದವು. ಎಡಿಸನ್ನನ ಭವಿಷ್ಯವಾಣಿಯನ್ನು ಸುಳ್ಳು ಮಾಡಿದ್ದು ಪುಸ್ತಕದ ಶ್ರೇಷ್ಠತೆಗಿಂತ ಹೆಚ್ಚಾಗಿ ಈ ಸಣ್ಣಪುಟ್ಟ ಕಿರಿಕಿರಿಗಳು.

ಭಾರತದಲ್ಲಿ ಇದೇ ಯಂತ್ರ ಬೇರೊಂದು ದಾರಿ ಹಿಡಿಯಿತು. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ ತನ್ನ ಸಾಕ್ಷ್ಯಚಿತ್ರಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಸಿದ್ಧಪಡಿಸುತ್ತಿತ್ತು. ಅವುಗಳ 16 ಮಿಲಿಮೀಟರ್ ಪ್ರತಿಗಳು ಕ್ಷೇತ್ರ ಪ್ರಚಾರದ ವ್ಯಾನುಗಳಲ್ಲಿ ಜನರೇಟರಿನ ಜೊತೆಗೆ ಹಳ್ಳಿಗೆ ಬಂದಾಗ ತರಗತಿಯ ಕೋಣೆಯ ಬದಲು ಬಯಲೂ, ಕಪ್ಪು ಬಟ್ಟೆಯ ಬದಲು ರಾತ್ರಿಯೂ ಒದಗಿದವು. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಬಳಗಗಳ ಚಿತ್ರಪ್ರೇಮಕ್ಕೂ ಇದೇ ಅಗಲದ ಫಿಲ್ಮು ಒತ್ತಾಸೆಯಾಯಿತು. ಆದರೆ 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ನೇರವಾಗಿ ಟೆಲಿವಿಷನ್ನನ್ನೇ ಕಂಡವು. ರೀಲು, ಲೂಪ್, ದೀಪಗಳ ಗೊಡವೆಯಿಲ್ಲದೆ ಆಕಾಶದಿಂದ ಪಾಠ ಇಳಿಯಿತು.

1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಅಗ್ಗವಾದ ಮೇಲೆ ಎಲ್ಲೆಡೆಯೂ ಪ್ರೊಜೆಕ್ಟರ್ ಉಗ್ರಾಣ ಸೇರಿತು, ರೀಲುಗಳು ತಗಡಿನ ಡಬ್ಬಿಗಳಲ್ಲೇ ಉಳಿದವು. ಸುರಕ್ಷಿತವೆಂದು ಹೆಸರಾದ ಅಸಿಟೇಟ್, ಸೆಕೆ ಮತ್ತು ತೇವಕ್ಕೆ ಸಿಕ್ಕರೆ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತ, ಸುರುಟಿ, ಕುಗ್ಗಿ, ಕೊನೆಗೆ ಯಾವ ಗೇಟಿಗೂ ಕೂರದಂತಾಗುತ್ತದೆ. ಆ ಆಮ್ಲ ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಇದನ್ನು ಮುಂಚಿತವಾಗಿ ಪತ್ತೆಹಚ್ಚುವ, ನೀಲಿಯಿಂದ ಹಸಿರಿಗೂ ಹಳದಿಗೂ ತಿರುಗುವ ಕಾಗದದ ಪಟ್ಟಿಯನ್ನು ರೂಪಿಸಿದ ಸಂಸ್ಥೆ ಇರುವುದೂ ರಾಚೆಸ್ಟರಿನಲ್ಲೇ. ಹಳೆಯ ಕಾಲೇಜಿನ ಪ್ರಯೋಗಾಲಯದಲ್ಲೋ ಇಲಾಖೆಯ ಕಪಾಟಿನಲ್ಲೋ ಇಂಥ ಡಬ್ಬಿ ಕೈಗೆ ಸಿಕ್ಕವರು ಅದನ್ನು ಯಂತ್ರಕ್ಕೆ ಏರಿಸುವ ಮೊದಲು ಮುಚ್ಚಳ ತೆಗೆದು ಮೂಸಿ ನೋಡಬೇಕು. ವಿನಿಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ ಅದನ್ನು ಉಳಿದವುಗಳಿಂದ ಬೇರೆಯಿಟ್ಟು, ಪುಣೆಯ ಚಲನಚಿತ್ರ ಸಂಗ್ರಹಾಲಯದಂಥ ಬಲ್ಲವರ ಕಡೆಗೆ ಒಂದು ಪತ್ರ ಬರೆಯಬೇಕು.